ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ

ಕ್ಯಾಬಿನೆಟ್ಟಿನೊಳಗೆ ಫ್ಯಾನುಗಳು ತಿರುಗುತ್ತಿವೆ, ಕೀಬೋರ್ಡಿನ ದೀಪ ಉರಿಯುತ್ತಿದೆ, ಹೊಸ ಗ್ರಾಫಿಕ್ಸ್ ಕಾರ್ಡು ಬಣ್ಣದ ಬೆಳಕು ಚೆಲ್ಲುತ್ತಾ ಕೂತಿದೆ. ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’ ಎಂಬ ಬರಹ ಒಂದು ಕ್ಷಣ ಕಂಡು, ಆಮೇಲೆ ಅದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವರೆಗೆ ಈ ದೂರಿಗೆ ಒಂದೇ ಹೆಸರು: ‘ಡಿಸ್‌ಪ್ಲೇ ಬರ್ತಿಲ್ಲ’.

ಹೆಸರು ಒಂದಾದರೂ ಕಾರಣ ಒಂದಲ್ಲ. ಕೇಬಲ್ಲು ತಪ್ಪು ಪೋರ್ಟಿನಲ್ಲಿದ್ದರೂ ಇದೇ ದೂರು, ಎಸ್‌ಎಂಪಿಎಸ್ ಶಕ್ತಿ ಸಾಲದಿದ್ದರೂ ಇದೇ ದೂರು, ಬಯೋಸ್‌ಗೂ ಕಾರ್ಡಿಗೂ ಹೊಂದಾಣಿಕೆ ಆಗದಿದ್ದರೂ ಇದೇ ದೂರು. ಕಾರ್ಡು ನಿಜವಾಗಿ ಸತ್ತಿರುವುದು ಈ ಸಾಲಿನ ಕೊನೆಯಲ್ಲಿ ಬರುವ ಕಾರಣ. ಆದರೆ ಇಪ್ಪತ್ತು ಮೂವತ್ತು ಸಾವಿರ ಎಣಿಸಿಕೊಟ್ಟವರಿಗೆ ಮೊದಲು ಹೊಳೆಯುವುದು ಅದೇ. ಹಾಗಾಗಿ ಕಾರ್ಡನ್ನು ಅನುಮಾನಿಸುವ ಮೊದಲು, ಕಂಪ್ಯೂಟರು ತನ್ನ ದಾರಿಯಲ್ಲಿ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಪತ್ತೆ ಮಾಡಬೇಕು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲ ಚಿತ್ರ ಹೇಗೆ ಮೂಡುತ್ತದೆ

ಪವರ್ ಬಟನ್ ಒತ್ತಿದೊಡನೆ ಮದರ್‌ಬೋರ್ಡಿನ ಫರ್ಮ್‌ವೇರು ಎಚ್ಚರಗೊಳ್ಳುತ್ತದೆ. ಇವತ್ತಿನ ಬೋರ್ಡುಗಳಲ್ಲಿ ಅದರ ಸರಿಯಾದ ಹೆಸರು ಯುಇಎಫ್‌ಐ, ರೂಢಿಯಲ್ಲಿ ಮಾತ್ರ ಬಯೋಸ್. ಅದು ಮೊದಲು ಪ್ರೊಸೆಸರನ್ನು, ನಂತರ ರ‍್ಯಾಮನ್ನು, ಆಮೇಲೆ ಗ್ರಾಫಿಕ್ಸನ್ನು, ಕಡೆಗೆ ಡಿಸ್ಕನ್ನು ವಿಚಾರಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡಿನ ಮೇಲೂ ಪುಟ್ಟದೊಂದು ಚಿಪ್ಪಿನಲ್ಲಿ ಅದರದೇ ಫರ್ಮ್‌ವೇರು ಇರುತ್ತದೆ, ಅದಕ್ಕೆ ವಿಬಯೋಸ್ ಎನ್ನುತ್ತಾರೆ. ಮದರ್‌ಬೋರ್ಡು ಅದನ್ನು ಓದಿ ಓಡಿಸಿದಾಗ ಕಂಪನಿಯ ಲೋಗೋ ತೆರೆಯ ಮೇಲೆ ಬರುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟ. ಮೊದಲ ಚಿತ್ರಕ್ಕೆ ವಿಂಡೋಸೂ ಬೇಕಿಲ್ಲ, ಡ್ರೈವರೂ ಬೇಕಿಲ್ಲ. ‘ಡ್ರೈವರ್ ಹಾಕಿಲ್ಲವಲ್ಲ, ಅದಕ್ಕೇ ಬರ್ತಿಲ್ಲ’ ಎಂಬ ಸಲಹೆಯನ್ನು ಲೋಗೋ ಕೂಡ ಕಾಣದ ಯಂತ್ರಕ್ಕೆ ಕೊಟ್ಟರೆ ಅದು ತಪ್ಪು ಸಲಹೆ. ಲೋಗೋ ಕಂಡು, ಆಮೇಲೆ ಕಪ್ಪಾದರೆ ಮಾತ್ರ ಡ್ರೈವರಿನ ಕಡೆ ನೋಡಬೇಕು.

ಪರದೆ ಕಪ್ಪಾಗಿದ್ದರೂ ಯಂತ್ರ ಎಲ್ಲಿದೆ ಎಂದು ತಿಳಿಯಲು ಕಿವಿ ಮತ್ತು ಕೀಬೋರ್ಡು ಸಾಕು. ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಜೀವಂತವಾಗಿದೆ. ಪಾಸ್‌ವರ್ಡ್ ಟೈಪಿಸಿ ಎಂಟರ್ ಒತ್ತಿದಾಗ ಸ್ಪೀಕರಿನಲ್ಲಿ ವಿಂಡೋಸಿನ ಸದ್ದು ಬಂದರಂತೂ ಕಂಪ್ಯೂಟರು ಪೂರ್ತಿ ಎದ್ದಿದೆ, ಚಿತ್ರ ಮಾತ್ರ ನಿಮ್ಮ ಕಣ್ಣಿಗೆ ತಲುಪುತ್ತಿಲ್ಲ. ಅಲ್ಲಿಗೆ ಸ್ಲಾಟು, ರ‍್ಯಾಮು, ಎಸ್‌ಎಂಪಿಎಸ್ ಎಲ್ಲವೂ ಬಹುಮಟ್ಟಿಗೆ ನಿರಪರಾಧಿಗಳು. ದೀಪ ಕದಲದಿದ್ದರೆ ಯಂತ್ರ ನಡುದಾರಿಯಲ್ಲಿ ನಿಂತಿದೆ. ಎರಡು ಸೆಕೆಂಡು ಓಡಿ ಆರಿ, ಮತ್ತೆ ತಾನೇ ಹೊತ್ತಿಕೊಳ್ಳುತ್ತಿದ್ದರೆ ಕರೆಂಟಿನ ಕಡೆ ಅಥವಾ ರ‍್ಯಾಮಿನ ಕಡೆ ಅನುಮಾನ ತಿರುಗಬೇಕು.

ತಾಳ್ಮೆಯೂ ಬೇಕು. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು, ಅದರಲ್ಲೂ 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡುಗಳು, ಬಯೋಸ್ ರೀಸೆಟ್ ಆದ ಮೇಲೆ ಮೊದಲ ಸಲ ಹೊತ್ತಿಸಿದಾಗ ರ‍್ಯಾಮಿನ ವೇಗವನ್ನು ತಾವೇ ಅಳೆದು ಹೊಂದಿಸಿಕೊಳ್ಳುತ್ತವೆ. ಅಷ್ಟು ಹೊತ್ತೂ ಪರದೆ ಕಪ್ಪು. ಹಲವು ನಿಮಿಷ ಹಿಡಿಯಬಹುದು. ಅರ್ಧ ನಿಮಿಷಕ್ಕೇ ಹೆದರಿ ಬಟನ್ ಒತ್ತಿ ಆರಿಸಿದರೆ ಲೆಕ್ಕ ಮೊದಲಿನಿಂದ ಶುರು. ಹೀಗೆ ಹತ್ತು ಸಲ ಆರಿಸಿ, ಏನೂ ಕೆಟ್ಟಿರದ ಯಂತ್ರವನ್ನು ಅಂಗಡಿಗೆ ಹೊತ್ತುಕೊಂಡು ಹೋದವರಿದ್ದಾರೆ.

ಕೇಬಲ್ಲು ಎಲ್ಲಿದೆ

ಅತಿ ಸಾಮಾನ್ಯ ತಪ್ಪು ಇದು, ಹೇಳಿಕೊಳ್ಳಲು ನಾಚಿಕೆಪಡುವ ತಪ್ಪೂ ಇದೇ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಎಚ್‌ಡಿಎಂಐ ಪೋರ್ಟು ಎರಡು ಕಡೆ ಇರುತ್ತದೆ. ಮೇಲೆ ಯುಎಸ್‌ಬಿ, ಲ್ಯಾನ್, ಸ್ಪೀಕರಿನ ಪಿನ್ನುಗಳ ಜೊತೆ ನಿಂತಿರುವುದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ ಅಡ್ಡಲಾಗಿ ಸಾಲುಗಟ್ಟಿರುವುದು ಕಾರ್ಡಿನದು. ಕಾರ್ಡು ಹಾಕಿದ ಮೇಲೆ ಅನೇಕ ಬೋರ್ಡುಗಳು ತಮ್ಮ ಪೋರ್ಟನ್ನು ತಾವೇ ಮುಚ್ಚಿಬಿಡುತ್ತವೆ. ಇಷ್ಟು ವರ್ಷ ಕೇಬಲ್ಲು ಮೇಲಿನ ಪೋರ್ಟಿನಲ್ಲೇ ಇತ್ತಲ್ಲ, ಕೈ ಅಭ್ಯಾಸಬಲದಿಂದ ಮತ್ತೆ ಅಲ್ಲಿಗೇ ಹೋಗುತ್ತದೆ.

1996ರಲ್ಲಿ ಬಂದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡಿನ ಕಾಲದಲ್ಲಿ ಈ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚಿತ್ತು. ಅದು ಆಟದ 3ಡಿ ಚಿತ್ರ ಮಾತ್ರ ಬಿಡಿಸುತ್ತಿತ್ತು, ಉಳಿದದ್ದಕ್ಕೆ ಮಾಮೂಲಿ ಕಾರ್ಡು ಬೇಕೇ ಬೇಕಿತ್ತು. ಮಾಮೂಲಿ ಕಾರ್ಡಿನಿಂದ ಒಂದು ಗಿಡ್ಡ ಕೇಬಲ್ಲು ವೂಡೂವಿಗೆ, ವೂಡೂವಿನಿಂದ ಇನ್ನೊಂದು ಮಾನಿಟರಿಗೆ. ಅದಕ್ಕೆ ಹೋಲಿಸಿದರೆ ಇವತ್ತಿನ ತಲೆಮಾರಿನ ಕಷ್ಟ ಕಡಿಮೆ.

ಮದರ್‌ಬೋರ್ಡಿನ ಪೋರ್ಟು ಕೆಲಸ ಮಾಡಬೇಕಾದರೆ ಪ್ರೊಸೆಸರಿನ ಒಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಉದಾಹರಣೆಗೆ ಐ5-12400ಎಫ್, ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜನ್ 5 5600ರಲ್ಲೂ ಇಲ್ಲ, 5600ಜಿ ಯಲ್ಲಿ ಇದೆ. ರೈಜನ್ 7000 ಸಾಲಿನಿಂದ ಈಚೆಗೆ ಬಹುತೇಕ ಎಲ್ಲದರಲ್ಲೂ ಸಣ್ಣದೊಂದಿದೆ, ಹೆಸರಿನಲ್ಲಿ ಎಫ್ ಇರುವವನ್ನು ಬಿಟ್ಟು. ಇದು ಗೊತ್ತಿದ್ದರೆ ಪರೀಕ್ಷೆ ಸುಲಭ. ಒಳಗೆ ಗ್ರಾಫಿಕ್ಸ್ ಇರುವ ಪ್ರೊಸೆಸರಾದರೆ ಹೊಸ ಕಾರ್ಡನ್ನು ತೆಗೆದು, ಕೇಬಲ್ಲನ್ನು ಮದರ್‌ಬೋರ್ಡಿಗೆ ಕೊಟ್ಟು ನೋಡಿ. ಡಿಸ್‌ಪ್ಲೇ ಬಂದರೆ ಉಳಿದದ್ದೆಲ್ಲ ನೆಟ್ಟಗಿದೆ.

ಹಳೆಯ ಮಾನಿಟರುಗಳದ್ದು ಬೇರೆ ಕಥೆ. ನೀಲಿ ಬಣ್ಣದ ವಿಜಿಎ ಪೋರ್ಟು ಮಾತ್ರ ಇರುವ ಎಲ್‌ಸಿಡಿಗಳು ನಮ್ಮ ಮನೆ, ಶಾಲೆ, ಸೈಬರ್ ಸೆಂಟರುಗಳಲ್ಲಿ ಇನ್ನೂ ಸಾಕಷ್ಟಿವೆ. ಆದರೆ ಎನ್‌ವಿಡಿಯಾ 2016ರ ಜಿಟಿಎಕ್ಸ್ 10 ಸಾಲಿನಿಂದ ಅನಲಾಗ್ ಸಿಗ್ನಲ್ಲನ್ನು ಕೈಬಿಟ್ಟಿತು. ಎಎಂಡಿಯ ದೊಡ್ಡ ಕಾರ್ಡುಗಳಲ್ಲಿ ಅದು 2013ರಲ್ಲೇ ಹೋಗಿತ್ತು. ಡಿವಿಐ ತುದಿಗೆ ಸಿಕ್ಕಿಸುವ ಹಳೆಯ ಬಿಳಿ ಅಡಾಪ್ಟರು ಬರೀ ತಂತಿಯನ್ನು ತಂತಿಗೆ ಸೇರಿಸುತ್ತದೆ, ಡಿಜಿಟಲ್ಲನ್ನು ಅನಲಾಗ್ ಮಾಡುವುದಿಲ್ಲ. ಇಂಥ ಕಡೆ ಒಳಗೆ ಚಿಪ್ಪಿರುವ ಕನ್ವರ್ಟರೇ ಬೇಕು.

ಮಾನಿಟರಿನ ಬಟನ್ ಒತ್ತಿ ಸರಿಯಾದ ಇನ್‌ಪುಟ್ ಆಯ್ಕೆ ಮಾಡಿಕೊಳ್ಳಿ, ಒಂದೇ ಕೇಬಲ್ಲು ಇಟ್ಟುಕೊಳ್ಳಿ, ಕಾರ್ಡಿನ ಬೇರೆ ಬೇರೆ ಪೋರ್ಟುಗಳಲ್ಲಿ ಹಾಕಿ ನೋಡಿ. ಡಿಸ್‌ಪ್ಲೇಪೋರ್ಟ್ ಕೈಕೊಟ್ಟರೆ ಎಚ್‌ಡಿಎಂಐ ಪ್ರಯತ್ನಿಸಿ. ಅಗ್ಗದ ಕೆಲವು ಡಿಸ್‌ಪ್ಲೇಪೋರ್ಟ್ ಕೇಬಲ್ಲುಗಳಲ್ಲಿ ಒಂದು ವಿಚಿತ್ರ ದೋಷವುಂಟು. ನಿಯಮದ ಪ್ರಕಾರ 20ನೇ ಪಿನ್ನಿನ ತಂತಿ ಈ ತುದಿಯಿಂದ ಆ ತುದಿಗೆ ಹೋಗಕೂಡದು, ಅದರಲ್ಲಿ 3.3 ವೋಲ್ಟ್ ಇರುತ್ತದೆ. ಅದನ್ನೂ ಜೋಡಿಸಿಬಿಟ್ಟ ಕೇಬಲ್ಲಿನಲ್ಲಿ ಮಾನಿಟರಿನ ಕರೆಂಟು ಹಿಮ್ಮುಖವಾಗಿ ಕಾರ್ಡಿಗೆ ನುಗ್ಗಿ, ಯಂತ್ರ ಎದ್ದೇಳದಂತೆ ಮಾಡುತ್ತದೆ. ಕೇಬಲ್ಲು ಕಿತ್ತರೆ ಓಡುತ್ತದೆ, ಹಾಕಿದರೆ ನಿಲ್ಲುತ್ತದೆ.

ಸ್ಲಾಟಿನಲ್ಲಿ ಪೂರ್ತಿ ಕೂತಿದೆಯೇ

ಅಕ್ಕನ ಮಗ ಹಾಸನದಿಂದ ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿದ್ದ. “ಮಾಮ, ಫ್ಯಾನೆಲ್ಲ ತಿರುಗ್ತಿದೆ, ಕಾರ್ಡೇ ಹೋಗಿರ್ಬೇಕು” ಎನ್ನುವಾಗ ಅಳುವುದೊಂದು ಬಾಕಿ. ಮೊಬೈಲನ್ನು ಸ್ಲಾಟಿನ ಮಟ್ಟಕ್ಕೆ ಹಿಡಿ ಅಂದೆ. ಬ್ರ್ಯಾಕೆಟ್ಟಿನ ಕಡೆ ಕಾರ್ಡು ಚೆನ್ನಾಗಿ ಇಳಿದಿತ್ತು, ಸ್ಕ್ರೂ ಕೂಡ ಬಿಗಿದಿದ್ದ. ಇನ್ನೊಂದು ತುದಿಯಲ್ಲಿ, ಕಪ್ಪು ಸ್ಲಾಟಿನ ಅಂಚಿನ ಮೇಲೆ, ಚಿನ್ನದ ಬಣ್ಣದ ಗೆರೆಯೊಂದು ಸಣ್ಣಗೆ ಮಿನುಗುತ್ತಿತ್ತು, ಹೆಚ್ಚೆಂದರೆ ಎರಡು ಮಿಲಿಮೀಟರು. ಸ್ಕ್ರೂ ಸಡಿಲಿಸಿ ಆ ತುದಿಯನ್ನು ಒತ್ತಿದಾಗ ‘ಟಕ್’ ಎಂದ ಸದ್ದು ನನಗೂ ಫೋನಿನಲ್ಲಿ ಕೇಳಿಸಿತು.

ಎರಡು ಮಿಲಿಮೀಟರು ಇಷ್ಟು ದೊಡ್ಡ ವಿಷಯವಾಗಲು ಕಾರಣವಿದೆ. ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್16 ಸ್ಲಾಟಿನಲ್ಲಿ ಎರಡು ಬದಿ ಸೇರಿ 164 ಸಂಪರ್ಕಗಳಿವೆ. ‘ಇಲ್ಲೊಂದು ಕಾರ್ಡು ಇದೆ’ ಎಂದು ಬೋರ್ಡಿಗೆ ತಿಳಿಸುವ ಪಿನ್ನುಗಳಲ್ಲಿ ಒಂದು ಸ್ಲಾಟಿನ ಈ ತುದಿಯಲ್ಲಿದೆ, ಅದರ ಜೋಡಿ ಆ ತುದಿಯಲ್ಲಿ. ಅವನ್ನು ಉಳಿದವಕ್ಕಿಂತ ತುಸು ಗಿಡ್ಡ ಮಾಡಿರುತ್ತಾರೆ, ಕಾರ್ಡು ಇಳಿಯುವಾಗ ಅವು ಎಲ್ಲಕ್ಕಿಂತ ಕೊನೆಗೆ ತಾಗಲಿ ಎಂದು. ಕಾರ್ಡು ಒಂದು ಕಡೆ ವಾಲಿದರೆ ಕರೆಂಟಿನ ಪಿನ್ನುಗಳು ತಾಗಿ ಫ್ಯಾನು ತಿರುಗಬಹುದು, ದೀಪವೂ ಹೊತ್ತಬಹುದು, ಬೋರ್ಡಿನ ಲೆಕ್ಕದಲ್ಲಿ ಮಾತ್ರ ಅಲ್ಲಿ ಕಾರ್ಡೇ ಇಲ್ಲ. ಫ್ಯಾನ್ ತಿರುಗುವುದು ಕಾರ್ಡು ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ತಿರುಗದಿರುವುದು ಕೆಟ್ಟಿದೆ ಎಂಬುದಕ್ಕೂ ಅಲ್ಲ, ಈಗಿನ ಬಹಳಷ್ಟು ಕಾರ್ಡುಗಳ ಫ್ಯಾನು ಬಿಸಿಯೇರುವವರೆಗೆ ನಿಂತೇ ಇರುತ್ತದೆ.

ಕಾರ್ಡು ತೆಗೆದು ಹಾಕುವಾಗ ಗೋಡೆಯ ಸ್ವಿಚ್ ಆರಿಸಿ, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಒಳಗುಳಿದ ಕರೆಂಟು ಖಾಲಿ ಮಾಡಿ. ಸ್ಲಾಟಿನ ತುದಿಯ ಕೊಂಡಿಯನ್ನು ಬಿಡಿಸದೆ ಕಾರ್ಡು ಎಳೆಯಬೇಡಿ. ಪ್ರೊಸೆಸರಿಗೆ ಅತಿ ಹತ್ತಿರದ ಉದ್ದ ಸ್ಲಾಟನ್ನೇ ಬಳಸಿ, ಕೆಳಗಿನವು ನೋಡಲು ಅಷ್ಟೇ ಉದ್ದವಿದ್ದರೂ ಒಳಗೆ ತಂತಿಗಳು ಕಡಿಮೆ. ಹಳೆಯ ಕಾರ್ಡಾದರೆ ಚಿನ್ನದ ಪಟ್ಟಿಯನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ ಪುಡಿ ಒರೆಸಬಹುದು. ನಮ್ಮ ಮೆಕ್ಯಾನಿಕ್‌ಗಳು ರ‍್ಯಾಮಿಗೆ ಮಾಡುವ ಈ ಉಪಚಾರ ಕಾರ್ಡಿಗೂ ನಾಟುತ್ತದೆ, ಕರಾವಳಿಯ ತೇವದಲ್ಲಿ ಇಟ್ಟಿದ್ದ ಕಾರ್ಡಿಗಂತೂ ಹೆಚ್ಚು. ಆದರೆ ಚಿನ್ನದ ಲೇಪ ಬಲು ತೆಳು, ಇಂಕು ಅಳಿಸುವ ಒರಟು ರಬ್ಬರು ಬೇಡ. ಐಸೋಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಇನ್ನೂ ಮೇಲು.

ಇದೇ ಗಡಿಬಿಡಿಯಲ್ಲಿ ರ‍್ಯಾಮಿನ ಕೋಲು ಅಲುಗಿರುವುದೂ ಉಂಟು. ದೊಡ್ಡ ಕಾರ್ಡನ್ನು ತೂರಿಸುವಾಗ ಮೊಣಕೈ ತಾಗಿ ರ‍್ಯಾಮು ಸಡಿಲವಾದರೆ ಬೈಗುಳ ತಿನ್ನುವುದು ಕಾರ್ಡು.

ಕರೆಂಟಿನ ಲೆಕ್ಕ

ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಜಿಟಿಎಕ್ಸ್ 1650ರ ಹಲವು ಮಾದರಿಗಳು ಅಷ್ಟರಲ್ಲೇ ಬದುಕುತ್ತವೆ, ಅವಕ್ಕೆ ಬೇರೆ ವೈರು ಬೇಡ. ಅದಕ್ಕಿಂತ ಹಸಿದವಕ್ಕೆ ಎಸ್‌ಎಂಪಿಎಸ್‌ನಿಂದ ನೇರ ವೈರು ಬೇಕು. 6 ಪಿನ್ನಿನ ಕನೆಕ್ಟರು 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಆರ್‌ಟಿಎಕ್ಸ್ 3060ಕ್ಕೆ 170 ವ್ಯಾಟ್ ಬೇಕು. ಅಂದರೆ ಸ್ಲಾಟಿನ ಜೊತೆಗೆ ಒಂದು 8 ಪಿನ್ ಬೇಕೇ ಬೇಕು. ವೈರು ಹಾಕಲು ಮರೆತರೆ ಎನ್‌ವಿಡಿಯಾದ ಅನೇಕ ಕಾರ್ಡುಗಳು ಪರದೆಯ ಮೇಲೇ ‘ಯಂತ್ರ ಆರಿಸಿ, ಪವರ್ ಕೇಬಲ್ ಜೋಡಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತವೆ. ಕೆಲವು ಕನೆಕ್ಟರಿನ ಪಕ್ಕ ಕೆಂಪು ದೀಪ ಹಚ್ಚುತ್ತವೆ. ಮಿಕ್ಕವು ಬಾಯಿಬಿಡುವುದಿಲ್ಲ.

ಎಸ್‌ಎಂಪಿಎಸ್‌ನಿಂದ ಎರಡು ಬಗೆಯ 8 ಪಿನ್ನು ಹೊರಡುತ್ತವೆ, ಎಡವಟ್ಟಾಗುವುದು ಇಲ್ಲಿ. ಪ್ರೊಸೆಸರಿನದು ನಾಲ್ಕು ಮತ್ತು ನಾಲ್ಕಾಗಿ ಸೀಳುತ್ತದೆ, ಗ್ರಾಫಿಕ್ಸಿನದು ಆರು ಮತ್ತು ಎರಡಾಗಿ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಸಾಲುಗಳು ಅದಲುಬದಲು. ರಂಧ್ರಗಳ ಆಕಾರ ಬೇರೆಯಾದ್ದರಿಂದ ಸುಮ್ಮನೆ ಕೂರುವುದಿಲ್ಲ, ಬಲವಂತ ಮಾಡಿದರೆ ಕೂತೀತು, ಆಗ ಶಾರ್ಟ್ ಆಗುತ್ತದೆ. ಸರಿಯಾದ ವೈರಿನಲ್ಲೂ ಆರರ ತುಂಡು ಕೂತು ಎರಡರ ತುಂಡು ಅರ್ಧಕ್ಕೆ ನಿಂತಿರಬಹುದು. ಎರಡನ್ನೂ ಪಕ್ಕದ ಸಣ್ಣ ಗೀಟಿನಲ್ಲಿ ಜೋಡಿಸಿ, ಬೆರಳ ನಡುವೆ ಒಂದಾಗಿ ಹಿಡಿದು, ಕ್ಲಿಪ್ಪು ಕೊಂಡಿಗೆ ಬೀಳುವವರೆಗೆ ಒತ್ತಬೇಕು. ವೈರು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಇನ್ನೊಂದು ಎಚ್ಚರಿಕೆ: ಒಂದು ಕಂಪನಿಯ ವೈರನ್ನು ಇನ್ನೊಂದಕ್ಕೆ ಹಾಕಬಾರದು. ಕಾರ್ಡಿನ ಕಡೆಯ ತುದಿ ಎಲ್ಲ ಕಡೆ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ಏಕರೂಪದ ನಿಯಮವೂ ಇಲ್ಲ.

ಕ್ಯಾಬಿನೆಟ್ಟಿನ ಜೊತೆ ಬರುವ ‘450 ವ್ಯಾಟ್’ ಎಂದು ಅಚ್ಚಾದ ಹಗುರ ಡಬ್ಬಿಗಳನ್ನು ನಾನು ನಂಬುವುದಿಲ್ಲ. ನೋಡಬೇಕಾದ್ದು ಅದರ ಪಕ್ಕದ ಸ್ಟಿಕರಿನಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಬರೆದಿದೆ ಎಂಬುದನ್ನು. ಅದನ್ನು 12ರಿಂದ ಗುಣಿಸಿದರೆ ಪ್ರೊಸೆಸರಿಗೂ ಕಾರ್ಡಿಗೂ ಸಿಗುವ ವ್ಯಾಟು ಬರುತ್ತದೆ. ಆರ್‌ಟಿಎಕ್ಸ್ 4060 ತಿನ್ನುವುದು 115 ವ್ಯಾಟ್ ಅಷ್ಟೇ ಆದರೂ ತಯಾರಕರು ಇಡೀ ಯಂತ್ರಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಸೂಚಿಸುತ್ತಾರೆ. ಕಾರ್ಡುಗಳು ಕ್ಷಣಮಾತ್ರಕ್ಕೆ ಸರಾಸರಿಗಿಂತ ಬಹಳ ಹೆಚ್ಚು ಎಳೆಯುವುದರಿಂದ ಆ ಅಂತರ ಬೇಕು.

ಕಚೇರಿಗಳಿಂದ ಹೊರಬಂದು ರಿಫರ್ಬಿಷ್ ಆಗಿ ಮಾರಾಟವಾಗುವ ಬ್ರ್ಯಾಂಡೆಡ್ ಡೆಸ್ಕ್‌ಟಾಪುಗಳಲ್ಲಿ ಗ್ರಾಫಿಕ್ಸಿನ ವೈರೇ ಇಲ್ಲದಿರುವುದು ಸಾಮಾನ್ಯ. ಆಗ ಅಂಗಡಿಯಲ್ಲಿ ಸೇಟಾ ವೈರನ್ನು 6 ಪಿನ್ ಮಾಡುವ ಅಡಾಪ್ಟರು ಕೊಡುತ್ತಾರೆ. ಸೇಟಾ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ನು ಮೂರು, ಒಂದೊಂದಕ್ಕೆ 1.5 ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 75 ವ್ಯಾಟ್ ಹಿಂಡಲು ಹೋದರೆ ಕಾರ್ಡು ಓಡೀತು, ಕನೆಕ್ಟರು ಕರಗೀತು.

ಯುಪಿಎಸ್‌ಅನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಗಳಲ್ಲಿರುವ 600 ವಿಎ ಯುಪಿಎಸ್ ನಿಜಕ್ಕೆ ಕೊಡುವುದು ಸುಮಾರು 360 ವ್ಯಾಟ್. ಹಿಂದೆ ನನ್ನ ಯಂತ್ರವೂ ಹೊಸ ಕಾರ್ಡು ಹಾಕಿದ ದಿನ ಹೊತ್ತುತ್ತಲೇ ಆರುತ್ತಿತ್ತು. ಕಾರ್ಡನ್ನು ನಾಲ್ಕು ಸಲ ಬಿಚ್ಚಿ ಹಾಕಿದ ಮೇಲೆ, ಮೇಜಿನ ಕೆಳಗಿನ ಯುಪಿಎಸ್ ಪ್ರತಿ ಸಲವೂ ಕೀಂ ಎನ್ನುತ್ತಿದ್ದದ್ದು ಗಮನಕ್ಕೆ ಬಂತು. ಪ್ಲಗ್ಗನ್ನು ನೇರ ಗೋಡೆಗೆ ಹಾಕಿದೆ, ಲೋಗೋ ಬಂತು.

ಕರಗಿದ ಕನೆಕ್ಟರು ಕಲಿಸಿದ್ದು

2022ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 4090, 450 ವ್ಯಾಟಿನ ಕಾರ್ಡು. ಅದರ 16 ಪಿನ್ನಿನ ಹೊಸ ಕನೆಕ್ಟರು, 12ವಿಎಚ್‌ಪಿಡಬ್ಲ್ಯೂಆರ್, ಬೆರಳುದ್ದದ ಜಾಗದಲ್ಲಿ 600 ವ್ಯಾಟ್ ಸಾಗಿಸಬಲ್ಲದು. ಅದೇ ತಿಂಗಳು ಕನೆಕ್ಟರು ಕರಗಿದ ಚಿತ್ರಗಳು ಹರಿದಾಡಿದವು. ನವೆಂಬರಿನಲ್ಲಿ ಎನ್‌ವಿಡಿಯಾ, ತನಗೆ ತಿಳಿದ ಸುಮಾರು 50 ಪ್ರಕರಣಗಳಲ್ಲಿ ಕನೆಕ್ಟರು ಪೂರ್ತಿ ಒಳಗೆ ಕೂರದಿದ್ದದ್ದು ಸಾಮಾನ್ಯ ಅಂಶ ಎಂದು ಹೇಳಿತು. ಬಳಕೆದಾರರ ಕಡೆ ಬೆರಳು ತೋರಿಸುವ ಈ ಉತ್ತರ ಬಹಳ ಜನಕ್ಕೆ ಹಿಡಿಸಲಿಲ್ಲ, ನನಗೂ ಅಷ್ಟೆ. ಅರ್ಧ ಕೂತಾಗಲೂ ಅಷ್ಟು ಕರೆಂಟು ಹರಿಯಲು ಬಿಡುವ ವಿನ್ಯಾಸದಲ್ಲೇ ಏನೋ ಕೊರತೆಯಿದೆ.

2023ರಲ್ಲಿ ಬಂದ ತಿದ್ದುಪಡಿ, 12ವಿ-2ಎಕ್ಸ್6, ಆ ಕೊರತೆಯನ್ನೇ ಹಿಡಿಯಿತು. ‘ಎಷ್ಟು ವ್ಯಾಟ್ ಎಳೆಯಬಹುದು’ ಎಂದು ಕಾರ್ಡಿಗೆ ತಿಳಿಸುವ ಸಣ್ಣ ಪಿನ್ನುಗಳನ್ನು ಗಿಡ್ಡ ಮಾಡಿದರು. ಸ್ಲಾಟಿನ ಗಿಡ್ಡ ಪಿನ್ನಿನ ಉಪಾಯವೇ ಇದು. ಪ್ಲಗ್ಗು ಪೂರ್ತಿ ಕೂರುವವರೆಗೆ ಅವು ತಾಗುವುದಿಲ್ಲ, ತಾಗುವವರೆಗೆ ಕಾರ್ಡು ಏಳುವುದಿಲ್ಲ. ಹಾಗಾಗಿ ಇಂಥ ಹೊಸ ಕಾರ್ಡಿನಲ್ಲಿ ಡಿಸ್‌ಪ್ಲೇ ಬಾರದಿದ್ದರೆ ಅದು ಕಾರ್ಡು ತನ್ನನ್ನು ಕಾಪಾಡಿಕೊಳ್ಳುತ್ತಿರುವ ಬಗೆಯೂ ಇರಬಹುದು. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಂದಿ ಕಾಣದಂತೆ ಒತ್ತಿ, ವೈರನ್ನು ಮೂರೂವರೆ ಸೆಂಟಿಮೀಟರಿನಷ್ಟಾದರೂ ನೇರ ಬಿಟ್ಟು ಆಮೇಲೆ ಬಗ್ಗಿಸಿ. ಕ್ಯಾಬಿನೆಟ್ಟಿನ ಗಾಜು ವೈರನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ಟು ಆ ಕಾರ್ಡಿಗೆ ಚಿಕ್ಕದು.

ಬೀಪು ಮತ್ತು ದೀಪ

ಈಗಿನ ಹಲವು ಮದರ್‌ಬೋರ್ಡುಗಳ ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದು ಆರದೆ ನಿಂತಿದೆಯೋ ಅಲ್ಲಿ ತೊಡಕು. ವಿಜಿಎ ದೀಪ ನಿಂತರೆ ಕಾರ್ಡು, ಅದರ ಸ್ಲಾಟು, ಅದರ ವೈರು ಇವಿಷ್ಟೇ ನೋಡಿದರೆ ಸಾಕು. ಡಿರ‍್ಯಾಮ್ ದೀಪ ನಿಂತರೆ ಕಾರ್ಡಿನ ತಂಟೆಗೆ ಹೋಗಬೇಡಿ. ಕೆಲವೊಮ್ಮೆ ಮಾನಿಟರ್ ಆರಿದ್ದರೂ ವಿಜಿಎ ದೀಪ ಹೊತ್ತಿಕೊಳ್ಳುತ್ತದೆ, ಮೊದಲು ಮಾನಿಟರ್ ಹಚ್ಚಿ ಆಮೇಲೆ ಕಂಪ್ಯೂಟರ್ ಹಚ್ಚಿ.

ದೀಪಗಳಿಲ್ಲದ ಹಳೆಯ ಬೋರ್ಡಿಗೆ ಬೀಪೇ ಗತಿ. ಒಂದು ಉದ್ದ, ಎರಡು ಗಿಡ್ಡ ಬೀಪು ಅವಾರ್ಡ್ ಬಯೋಸಿನಲ್ಲಿ ಡಿಸ್‌ಪ್ಲೇ ದೋಷದ ಗುರುತು. ಎಎಂಐ ಬಯೋಸಿನಲ್ಲಿ ಎಂಟು ಗಿಡ್ಡ ಬೀಪು ಕಾರ್ಡಿನ ಮೆಮೊರಿಯ ತೊಂದರೆ. ಬೋರ್ಡಿನ ಜೊತೆ ಬಜರ್ ಕೊಡುವುದನ್ನು ಕಂಪನಿಗಳು ಬಹುಮಟ್ಟಿಗೆ ನಿಲ್ಲಿಸಿವೆ. ಕೆಲವೇ ರೂಪಾಯಿಗೆ ಸಿಗುವ ಈ ಕಡಲೆಗಾತ್ರದ ಸ್ಪೀಕರನ್ನು ಬೋರ್ಡಿನ ‘ಸ್ಪೀಕರ್’ ಪಿನ್ನಿಗೆ ಸಿಕ್ಕಿಸಿದರೆ ಅರ್ಧ ದಿನದ ತಲೆನೋವು ಉಳಿಯುತ್ತದೆ.

ಬಯೋಸಿನ ಹಳೆ ಕಾಲ, ಹೊಸ ಕಾಲ

ವೈರು, ಸ್ಲಾಟು, ಕರೆಂಟು ಎಲ್ಲ ಸರಿಯಿದ್ದೂ ಒಂದೇ ಕಾರ್ಡು ಈ ಬೋರ್ಡಿನಲ್ಲಿ ಓಡಿ ಆ ಬೋರ್ಡಿನಲ್ಲಿ ಓಡದಿದ್ದರೆ ಫರ್ಮ್‌ವೇರಿನ ವಿಷಯಕ್ಕೆ ಬಂದೆವು. ಹಳೆಯ ಬಯೋಸಿನ ಕಾಲದ ಕಾರ್ಡುಗಳು ಚಿತ್ರ ಮೂಡಿಸುವ ರೀತಿ ಒಂದು, ಯುಇಎಫ್‌ಐ ಕಾಲದ ರೀತಿ ಇನ್ನೊಂದು. ಈ ಎರಡನೆಯದಕ್ಕೆ ಕಾರ್ಡಿನ ವಿಬಯೋಸಿನಲ್ಲಿ ಜಿಒಪಿ ಎಂಬ ತುಣುಕು ಇರಬೇಕು. ಸುಮಾರು 2012ಕ್ಕೆ ಮುಂಚಿನ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಇಲ್ಲ. ಅಂಥ ಕಾರ್ಡನ್ನು ಓಡಿಸಲು ಬೋರ್ಡು ಹಳೆಯ ಕಾಲದ ವೇಷ ತೊಡಬೇಕಾಗುತ್ತದೆ, ಆ ವೇಷದ ಹೆಸರು ಸಿಎಸ್‌ಎಂ. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದು ಸೆಕ್ಯೂರ್ ಬೂಟ್ ಕೇಳಿದ ಮೇಲೆ ಜನ ಸಿಎಸ್‌ಎಂ ಆರಿಸತೊಡಗಿದರು. ಆರಿಸಿದ ಬೋರ್ಡಿಗೆ ಹಳೆಯ ಕಾರ್ಡು ಹಾಕಿದರೆ ಕತ್ತಲೆ. ತಿರುಗುಮುರುಗಾಗಿ, ಹಳೆಯ ಬೋರ್ಡಿನಲ್ಲಿ ಸಿಎಸ್‌ಎಂ ಹೊತ್ತಿದ್ದಾಗ ತೀರ ಹೊಸ ಕಾರ್ಡು ತಕರಾರು ಮಾಡುವುದೂ ಉಂಟು.

ಕಾರ್ಡು ಮಾಡಿದವರೇ ಒಪ್ಪಿಕೊಂಡ ಪ್ರಕರಣಗಳಿವೆ. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ, ಅಂದರೆ ಜಿಟಿಎಕ್ಸ್ 900 ಮತ್ತು 10 ಸಾಲಿಗೆ, ಡಿಸ್‌ಪ್ಲೇಪೋರ್ಟ್ 1.3 ಅಥವಾ 1.4ರ ಮಾನಿಟರು ಜೋಡಿಸಿದರೆ ವಿಂಡೋಸ್ ಏಳುವವರೆಗೆ ಪರದೆ ಕಪ್ಪಾಗಿರುವ ಸಾಧ್ಯತೆಯಿತ್ತು. 2018ರಲ್ಲಿ ಎನ್‌ವಿಡಿಯಾ ಇದಕ್ಕೆಂದೇ ಫರ್ಮ್‌ವೇರ್ ಅಪ್‌ಡೇಟ್ ಬಿಟ್ಟಿತು. 2025ರಲ್ಲಿ ಆರ್‌ಟಿಎಕ್ಸ್ 5060 ಸಾಲಿಗೂ, ರೀಸ್ಟಾರ್ಟ್ ಆದಾಗ ಪರದೆ ಕಪ್ಪಾಗುವುದನ್ನು ಸರಿಪಡಿಸಲು, ಅಂಥದೇ ಇನ್ನೊಂದು ಬಂತು. ಎರಡರಲ್ಲೂ ಒಂದು ವಿಪರ್ಯಾಸ: ಪರದೆ ಕಾಣದವರು ಅಪ್‌ಡೇಟ್ ಓಡಿಸಲು ಪರದೆ ಕಾಣಬೇಕು. ಎಚ್‌ಡಿಎಂಐಯಲ್ಲೋ ಬೇರೆ ಮಾನಿಟರಿನಲ್ಲೋ ಪ್ರೊಸೆಸರಿನ ಗ್ರಾಫಿಕ್ಸಿನಲ್ಲೋ ಹೇಗಾದರೂ ಒಮ್ಮೆ ಒಳಹೊಕ್ಕು ಮುಗಿಸಬೇಕು.

ಮದರ್‌ಬೋರ್ಡಿನ ಬಯೋಸನ್ನು ಹೊಸದು ಮಾಡುವ ಕೆಲಸವನ್ನೂ ಹಳೆಯ ಕಾರ್ಡು ಇರುವಾಗಲೇ ಮಾಡಿಕೊಂಡರೆ ಜಾಣತನ. ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಬೋರ್ಡೇ ಕೈಬಿಡಬಹುದು, ಲೋಡ್ ಶೆಡ್ಡಿಂಗಿನ ಊರಿನಲ್ಲಿ ಹೊತ್ತು ನೋಡಿ ಕೈ ಹಾಕಿ.

ಕಾರ್ಡನ್ನು ನೆಟ್ಟಗೆ ನಿಲ್ಲಿಸಲು ರೈಸರ್ ಕೇಬಲ್ಲು ಬಳಸಿದವರು ಅದರ ವೇಗ ನೋಡಿಕೊಳ್ಳಬೇಕು. ಪಿಸಿಐ ಎಕ್ಸ್‌ಪ್ರೆಸ್ 3.0ಕ್ಕೆ ಮಾಡಿದ ರೈಸರಿನಲ್ಲಿ 4.0 ಕಾರ್ಡು ತನ್ನ ಪೂರ್ಣ ವೇಗಕ್ಕೆ ಹೋಗಿ ಸಿಗ್ನಲ್ ಕೆಡಿಸಿಕೊಳ್ಳುತ್ತದೆ. ಕಾರ್ಡನ್ನು ಒಮ್ಮೆ ನೇರ ಸ್ಲಾಟಿಗೆ ಹಾಕಿ, ಬಯೋಸಿನಲ್ಲಿ ಸ್ಲಾಟಿನ ವೇಗವನ್ನು ‘ಆಟೋ’ದಿಂದ ‘ಜೆನ್ 3’ಕ್ಕೆ ಇಳಿಸಿ, ಮತ್ತೆ ರೈಸರಿಗೆ ಹಾಕಿದರೆ ಎದ್ದುಬರುತ್ತದೆ.

ಯಾವ ಸೆಟ್ಟಿಂಗು ಕೆಟ್ಟಿದೆ ಎಂದೇ ತಿಳಿಯದಾಗ ಬಯೋಸ್ ರೀಸೆಟ್ ಮಾಡಿ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಹಾಕಿದರೆ ಸಾಕು. ಆ ಸೆಲ್ಲು ಎಷ್ಟೋ ಬೋರ್ಡುಗಳಲ್ಲಿ ಕಾರ್ಡಿನ ಅಡಿಯಲ್ಲೇ ಸಿಕ್ಕಿಬಿದ್ದಿರುತ್ತದೆ.

ಲೋಗೋ ಬಂತು, ವಿಂಡೋಸಿನಲ್ಲಿ ಮಾಯ

ಇಲ್ಲಿ ಹಾರ್ಡ್‌ವೇರು ಹೆಚ್ಚಾಗಿ ಸರಿಯಿದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರು ಮರುಚಾಲನೆಗೊಳ್ಳುತ್ತದೆ. ಚಿತ್ರ ಬೇರೊಂದು ಕಾಣದ ಪರದೆಗೆ ಹೋಗಿದ್ದರೆ ವಿಂಡೋಸ್ ಮತ್ತು ಪಿ ಒತ್ತಿ ಬದಲಿಸಬಹುದು. ಆಗದಿದ್ದರೆ ಸೇಫ್ ಮೋಡಿಗೆ ಹೋಗಿ ಹಳೆಯ ಕಾರ್ಡಿನ ಡ್ರೈವರನ್ನು ಬೇರುಸಹಿತ ಕೀಳಬೇಕು. ಡಿಡಿಯು ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಹೆಸರುವಾಸಿ. ಎಎಂಡಿಯಿಂದ ಎನ್‌ವಿಡಿಯಾಕ್ಕೋ ಅಲ್ಲಿಂದ ಇಲ್ಲಿಗೋ ಬದಲಾದವರು ಇದನ್ನು ಮೊದಲೇ ಮಾಡಿಕೊಂಡರೆ ಒಳ್ಳೆಯದು. ಲಿನಕ್ಸಿನವರು ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸಿ ಒಳಹೊಕ್ಕು ಸರಿಯಾದ ಡ್ರೈವರ್ ಹಾಕಿಕೊಳ್ಳಬಹುದು.

ಸೆಕೆಂಡ್‌ಹ್ಯಾಂಡ್ ಕಾರ್ಡಿನ ಪೂರ್ವಾಶ್ರಮ

2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ಕರೆನ್ಸಿ ತನ್ನ ವಿಧಾನ ಬದಲಿಸಿತು. ಅದನ್ನು ಗ್ರಾಫಿಕ್ಸ್ ಕಾರ್ಡಿನಿಂದ ಗಣಿ ಮಾಡುವುದು ಅಂದಿಗೆ ನಿಂತುಹೋಗಿ, ಹಗಲಿರುಳು ದುಡಿದ ಕಾರ್ಡುಗಳು ಹಿಂಡುಹಿಂಡಾಗಿ ಮಾರುಕಟ್ಟೆಗೆ ಬಂದವು. ದುಡಿದದ್ದೇ ದೋಷವಲ್ಲ. ತೊಂದರೆ ಕೊಡುವುದು ತಿದ್ದಿದ ವಿಬಯೋಸ್. ಗಣಿ ಲಾಭ ಹೆಚ್ಚಿಸಲು ಆರ್‌ಎಕ್ಸ್ 570, 580ರಂಥ ಕಾರ್ಡುಗಳ ವಿಬಯೋಸನ್ನು ಎಷ್ಟೋ ಜನ ತಿದ್ದಿದ್ದರು, ಮಾರುವಾಗ ಮೊದಲಿನಂತೆ ಮಾಡಲಿಲ್ಲ. ಕೆಲವು ಕಾರ್ಡುಗಳ ಮೇಲಂಚಿನಲ್ಲಿ ಉಗುರಿನ ತುದಿಯಿಂದ ಸರಿಸಬೇಕಾದ ಪುಟ್ಟ ಸ್ವಿಚ್ಚಿದೆ, ಅದರ ಆಚೆ ಬದಿಯಲ್ಲಿ ಎರಡನೇ ವಿಬಯೋಸು. ಯಂತ್ರ ಆರಿಸಿ ಅದನ್ನು ಆಚೆ ತಳ್ಳಿ ನೋಡಿ.

ಇನ್ನು, ಗಣಿಗೆಂದೇ 2017ರಲ್ಲಿ ಬಂದ ಪಿ106-100 ಕಾರ್ಡಿಗೆ ಡಿಸ್‌ಪ್ಲೇ ಪೋರ್ಟೇ ಇಲ್ಲ. ಒಳಗಿನ ಚಿಪ್ಪು ಜಿಟಿಎಕ್ಸ್ 1060ರದ್ದೇ ಆದ್ದರಿಂದ ‘1060 ಅಗ್ಗಕ್ಕೆ’ ಎಂದು ಮಾರಿದವರುಂಟು. ಮನೆಗೆ ತಂದು ಕೇಬಲ್ಲು ಹಿಡಿದು ಹುಡುಕಿದರೆ ಹಿಂಬದಿ ಬರೀ ತಗಡು. ಇನ್ನೊಂದು ಮೋಸದಲ್ಲಿ ಹಳೆಯ ಜಿಟಿಎಸ್ 450 ತರಹದ ಕಾರ್ಡಿನ ವಿಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂಬ ಹೆಸರು ಬರಿಸುತ್ತಾರೆ. ಅದು ಮೊದಲಿಗೆ ಡಿಸ್‌ಪ್ಲೇ ಕೊಡುತ್ತದೆ, ಅಸಲಿ ಡ್ರೈವರ್ ಹಾಕಲು ಹೋದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಲೋಗೋ ಕಂಡಿತೆಂದು ದುಡ್ಡು ಕೊಡಬಾರದು. ಡ್ರೈವರ್ ಹಾಕಿಸಿ, ಒಂದು ಆಟವನ್ನೋ ಪರೀಕ್ಷೆಯ ತಂತ್ರಾಂಶವನ್ನೋ ಕಾಲು ಗಂಟೆ ಓಡಿಸಿ ನೋಡುವವರೆಗೆ ಅಂಗಡಿ ಬಿಟ್ಟು ಏಳಬೇಡಿ.

ಕಾರ್ಡೇ ಹೋಗಿದ್ದರೆ

ತೀರ್ಮಾನಕ್ಕೆ ಎರಡು ಪರೀಕ್ಷೆ ಬೇಕು. ನಿಮ್ಮ ಕಾರ್ಡನ್ನು ಸ್ನೇಹಿತರ ಯಂತ್ರದಲ್ಲಿ ಹಾಕಿ ನೋಡುವುದು ಒಂದು, ಅವರ ಕಾರ್ಡನ್ನು ನಿಮ್ಮ ಯಂತ್ರದಲ್ಲಿ ಹಾಕಿ ನೋಡುವುದು ಇನ್ನೊಂದು. ಒಂದೇ ಮಾಡಿದರೆ ಅರ್ಧ ಉತ್ತರ. ನಿಮ್ಮ ಕಾರ್ಡು ಎರಡೂ ಕಡೆ ಓಡದೆ, ಅವರದು ಎರಡೂ ಕಡೆ ಓಡಿದರೆ ಆಗ ಕಾರ್ಡು ಸತ್ತಿದೆ ಎನ್ನಬಹುದು.

ಕಾರ್ಡನ್ನು ಅಡುಗೆಮನೆಯ ಓವನ್ನಿನಲ್ಲಿ ಕಾಯಿಸಿದರೆ ಸರಿಹೋಗುತ್ತದೆ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು, ಅಷ್ಟು ಹೊತ್ತಿಗೆ ಪ್ಲಾಸ್ಟಿಕ್ಕೂ ಕೆಪಾಸಿಟರೂ ಉಳಿಯುವುದು ಅನುಮಾನ. ಅದೃಷ್ಟವಿದ್ದು ಓಡಿದರೂ ಕೆಲವೇ ದಿನ. ಮತ್ತೆ ಅದೇ ಓವನ್ನಿನಲ್ಲಿ ಕೇಕು ಮಾಡುವವರಿದ್ದಾರೆ ಎಂಬುದನ್ನೂ ಮರೆಯಬಾರದು.

ವಾರಂಟಿಗೆ ಕಳಿಸುವುದಾದರೆ ಕಾರ್ಡಿನ ಹಿಂಬದಿಯ ಸೀರಿಯಲ್ ಸಂಖ್ಯೆಯ ಸ್ಟಿಕರಿನ ಫೋಟೋ, ಚಿನ್ನದ ಪಟ್ಟಿಯ ಫೋಟೋ, ಪವರ್ ಕನೆಕ್ಟರಿನ ಒಳಭಾಗದ ಫೋಟೋ ಮೂರನ್ನೂ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ ಪೆಟ್ಟಾದರೆ ಆಧಾರಕ್ಕೆ ಬೇಕಾಗುತ್ತದೆ. ಕಾರ್ಡು ಬಂದಾಗ ಸುತ್ತಿದ್ದ ಬೂದುಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲೇ ಮತ್ತೆ ಹಾಕಿ, ಪೋರ್ಟುಗಳ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿಸಿ, ಮೂಲ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗಿಟ್ಟು ಕೊರಿಯರ್ ಮಾಡಿ. ಜಿಎಸ್‌ಟಿ ಬಿಲ್ಲಿನ ಶಾಯಿ ವರ್ಷದೊಳಗೆ ಮಾಸಿಹೋಗುವ ಕಾಗದದ್ದಾಗಿದ್ದರೆ ಅದರದೂ ಒಂದು ಫೋಟೋ, ಕೊಂಡ ದಿನವೇ.